ಮೇಲುಕೋಟೆಯ ಬೊಂಬೆ, ಗೇಮಿನ ಚೀಟಿ

ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಾಗಿನಿಂದ ಗೇಮು ಎಂದರೆ ಎರಡೇ ಮಾತು: ದುಡ್ಡು ಹೋಯಿತು, ಇಲ್ಲವೇ ಹುಡುಗ ಕೆಟ್ಟ. ಕೆಟ್ಟದ್ದರ ಪಟ್ಟಿಗೆ ಈಗ ಇನ್ನೊಂದನ್ನು ಸೇರಿಸುತ್ತಿದ್ದಾರೆ. ಗೇಮಿನೊಳಗಿನ ಹೆಣ್ಣಿಗೋ ಗಂಡಿಗೋ ಮನಸೋಲುವುದು ಕಾಯಿಲೆಯಂತೆ. ಮದ್ದೂರು ನಿಲ್ದಾಣದಲ್ಲಿ ಬೆಂಗಳೂರಿನ ರೈಲಿಗೆ ಕಾಯುವ ಇಪ್ಪತ್ತೆರಡರ ಹುಡುಗ, ಪಕ್ಕದವರು ಕಂಡಾರೆಂದು ಮೊಬೈಲನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಹುಡುಗಿಯರಿಗೂ ಇಂಥ ಮೋಹವಿದೆ. ಅವರು ಇನ್ನಷ್ಟು ಜೋಪಾನವಾಗಿ ಬಚ್ಚಿಡುತ್ತಾರೆ, ಅಷ್ಟೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಇವರು ನಾಚುವಂಥದ್ದೇನೂ ಮಾಡಿಲ್ಲ. ಇದನ್ನು ಹೇಳುವ ಹಕ್ಕು ಮಂಡ್ಯ ಜಿಲ್ಲೆಗೆ ಇರುವಷ್ಟು ಬೇರೆ ಯಾರಿಗೂ ಇಲ್ಲ.

ಮೇಲುಕೋಟೆಯ ಕಥೆ ಇಲ್ಲಿನವರಿಗೆ ಹೊಸದಲ್ಲ. ದಿಲ್ಲಿಯ ಪಾಲಾದ ಉತ್ಸವಮೂರ್ತಿ, ಅದನ್ನು ಬೊಂಬೆಯೆಂದು ಎತ್ತಿ ಆಡಿಸಿದ ಸುಲ್ತಾನನ ಮಗಳು, ಕರೆದೊಯ್ಯಲು ಬಂದ ರಾಮಾನುಜರು, ಅಗಲಿಕೆ ತಾಳದೆ ಬೆನ್ನಿಗೇ ಬಂದು ಚೆಲುವನಾರಾಯಣನಲ್ಲಿ ಐಕ್ಯಳಾದ ಬೀಬಿ ನಾಚ್ಚಿಯಾರ್. ರಾಮಾನುಜರ ಕಾಲಕ್ಕೂ 1206ರಲ್ಲಿ ಶುರುವಾದ ದಿಲ್ಲಿ ಸುಲ್ತಾನರ ಕಾಲಕ್ಕೂ ತಾಳೆಯಾಗದು ಎಂದು ಯಾರೂ ಪತ್ರ ಬರೆಯಬೇಕಿಲ್ಲ, ಗೊತ್ತಿದೆ. ನಡೆಯದ ಕಥೆಯಾದರೆ ನನ್ನ ವಾದಕ್ಕೆ ಇನ್ನೂ ಬಲ. ಬೊಂಬೆಗೆ ಮನಸೋತ ಹೆಣ್ಣನ್ನು ಈ ಊರು ತಾನಾಗಿ ಕಲ್ಪಿಸಿಕೊಂಡು, ಬೇಕೆಂದೇ ಒಳಗೆ ಕರೆದುಕೊಂಡಿತು ಎಂದಾಯಿತಲ್ಲ!

ದೇವರನ್ನು ಮೊಬೈಲಿನ ಚಿತ್ರದೊಂದಿಗೆ ಸೇರಿಸಿದನೆಂದು ಸಿಟ್ಟಾಗುವವರು ಕಥೆಯ ಮೊದಲ ಭಾಗವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಲಿ. ಆ ಹುಡುಗಿಯ ಪಾಲಿಗೆ ಅದು ಬೊಂಬೆಯೇ ಆಗಿತ್ತು. ದೇವರೆಂದು ತಿಳಿದು ಭಕ್ತಿಯಿಂದ ಕೈ ಮುಗಿದವಳಲ್ಲ ಅವಳು. ಚೆಂದ ಕಂಡಿತು, ಮಡಿಲಿಗೆ ಎತ್ತಿಕೊಂಡಳು, ಬಿಟ್ಟಿರಲು ಆಗಲಿಲ್ಲ. ನಮ್ಮವರು ಅವಳಿಗೆ ಪ್ರಾಯಶ್ಚಿತ್ತ ವಿಧಿಸಲಿಲ್ಲ, ಮದ್ದು ಕೊಡಿಸಲಿಲ್ಲ. ಧರ್ಮ ಬೇರೆ, ಊರು ಬೇರೆ, ಮೋಹಿಸಿದ್ದು ಮಾತಾಡದ ಮೂರ್ತಿಯನ್ನು. ಇಷ್ಟೆಲ್ಲ ಇದ್ದೂ ನಾಚ್ಚಿಯಾರ್ ಎಂದು ಹೆಸರಿಟ್ಟು ಸ್ವಾಮಿಯ ಪಾದದ ಬಳಿ ಜಾಗ ಕೊಟ್ಟರು. ಅಲ್ಲಿನ ವೈರಮುಡಿ ಉತ್ಸವಕ್ಕೆ ಸಾಲುಗಟ್ಟಿ ಹೋಗಿ ಬರುವ ಮನೆಯವರೇ ಮಗನ ಮೊಬೈಲ್ ಕಂಡು ತಲೆ ಚಚ್ಚಿಕೊಳ್ಳುತ್ತಾರೆ.

ಎದುರು ಪಕ್ಷದವರಿಗೆ ಒಂದು ಗಟ್ಟಿ ಸಾಕ್ಷಿಯಿದೆ, ಅವರು ಬಳಸುತ್ತಿಲ್ಲ. ನಾನೇ ಕೊಡುತ್ತೇನೆ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’. ಅಲ್ಲಿ ಬಲಿಯಾಗಿದ್ದು ಹಿಟ್ಟಿನ ಕೋಳಿ. ಆದರೂ ಆ ಸಂಕಲ್ಪ ಹಿಂಸೆಗೆ ರಾಜ, ಅವನ ತಾಯಿ ಇಬ್ಬರೂ ಜನ್ಮಜನ್ಮ ತೊಳಲಿದರು. ‘ಪರದೆಯ ಮೇಲಿರುವುದು ಸುಳ್ಳು, ಅದರಲ್ಲೇನು ತಪ್ಪು’ ಎಂದು ಜಾರಿಕೊಳ್ಳುವವರಿಗೆ ಜನ್ನ ದಾರಿ ಬಿಡುವುದಿಲ್ಲ. ಸರಿಯೇ. ಆದರೆ ಕೋಳಿಯ ಮುಂದೆ ರಾಜ ಎತ್ತಿದ್ದು ಕತ್ತಿಯನ್ನು. ಗೇಮಿನಲ್ಲಿ ರೂಢಿಯಾದ ನೋಟವನ್ನು ಮಳವಳ್ಳಿ ಬಸ್ಸಿನಲ್ಲಿ ಪಕ್ಕ ನಿಂತ ಹೆಣ್ಣುಮಗಳ ಮೇಲೆ ಹಾಯಿಸಿದ ದಿನ ಹುಡುಗನೂ ಕತ್ತಿ ಎತ್ತಿದಂತೆಯೇ, ಅವತ್ತು ಅವನನ್ನು ಹಿಡಿದು ಕೇಳೋಣ. ಚಿತ್ರ ಬರೆದವರನ್ನೂ ಕೇಳೋಣ; 1996ರ ಗೇಮಿನ ನಾಯಕಿ ಲಾರಾ ಕ್ರಾಫ್ಟ್‌ಳ ಮೈಕಟ್ಟನ್ನು 2013ರಲ್ಲಿ ಕಂಪನಿಯೇ ತಿದ್ದಿಕೊಂಡಿತಲ್ಲ. ಇನ್ನು ಕಾಯಿಲೆಯ ಮಾತು: ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಸನಕ್ಕೆ ಹೇಳುವ ಲಕ್ಷಣ ಕೈಮೀರಿದ ಆಟ, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿಯಾದರೂ ನಿಲ್ಲಿಸದಿರುವುದು. ಪಾತ್ರವೊಂದು ಚೆಂದ ಕಾಣುವುದು ಆ ಪಟ್ಟಿಯಲ್ಲಿಲ್ಲ.

ಯಾರೂ ಬಾಯಿಬಿಡದ ಅಂಕಿ ಬೇರೆಯೇ ಇದೆ: 0.6. 2020ರ ಸೆಪ್ಟೆಂಬರಿನಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಬೇಕಾದ ಪಾತ್ರವನ್ನು ನೇರವಾಗಿ ಕೊಳ್ಳುವಂತಿಲ್ಲ, ಚೀಟಿ ಎತ್ತಬೇಕು. ಮೇಲ್ದರ್ಜೆಯ ಪಾತ್ರ ಸಿಗುವ ಸಾಧ್ಯತೆ ಒಂದು ಚೀಟಿಗೆ ಶೇ 0.6. ಲೆಕ್ಕ ಹಾಕಿ ನೋಡಿ: ನೂರು ಮಂದಿ ಹತ್ತತ್ತು ಚೀಟಿ ಎತ್ತಿದರೆ ಸುಮಾರು 94 ಮಂದಿಗೆ ಅಂಥದ್ದೊಂದೂ ಸಿಗದು. ತೊಂಬತ್ತನೆಯ ಚೀಟಿಗೆ ಒಂದು ಖಾತ್ರಿ, ಆದರೆ ಬಂದದ್ದು ನೀವು ಬಯಸಿದ ಮುಖವೇ ಆಗಿರಬೇಕೆಂದಿಲ್ಲ. ಆಡುತ್ತಾ ಗಳಿಸಿದ್ದು ಮುಗಿದರೆ ಚೀಟಿಗೆ ಕಾರ್ಡಿನಿಂದ ಹಣ. ಹುಡುಗನ ಮೋಹದ ಮೇಲೆ ಬಡ್ಡಿ ತಿನ್ನುತ್ತಿರುವವರು ಇಲ್ಲಿದ್ದಾರೆ.

ನಮ್ಮಲ್ಲೂ ಪಾತ್ರಕ್ಕೆ ದುಡ್ಡು ಕಟ್ಟುತ್ತಾರೆ. ಊರೂರಲ್ಲಿ ರಾತ್ರಿಯಿಡೀ ನಡೆಯುವ ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನಿಗೆ ಇಷ್ಟು, ಭೀಮನಿಗೆ ಇಷ್ಟು ಎಂದು ಮೊದಲೇ ಮಾತಾಗಿರುತ್ತದೆ. ದುಬಾರಿಯೇ ಇರಬಹುದು, ಸಾಲವೂ ಆಗಬಹುದು. ಆದರೆ ಕಟ್ಟಿದವನಿಗೆ ಗದೆ ಸಿಗುತ್ತದೆ. ಡ್ರಾಮಾ ಮೇಷ್ಟ್ರು ತೊಂಬತ್ತು ಚೀಟಿ ಎತ್ತಿಸಿ ಕೊನೆಗೆ ದ್ವಾರಪಾಲಕನ ಈಟಿ ಕೊಟ್ಟರೆ ಅವರು ಊರು ದಾಟುತ್ತಿರಲಿಲ್ಲ.

ಈ ಬಗೆಯ ಚೀಟಿ ವ್ಯಾಪಾರವನ್ನು ಬೆಲ್ಜಿಯಂನ ಜೂಜು ಆಯೋಗ 2018ರಲ್ಲೇ ಜೂಜು ಎಂದಿತು. ಅಮೆರಿಕದಲ್ಲಿ ಇದೇ ಗೆನ್‌ಶಿನ್ ಕಂಪನಿ 2025ರ ಜನವರಿಯಲ್ಲಿ 2 ಕೋಟಿ ಡಾಲರ್ ತೆತ್ತು ರಾಜಿಗೆ ಒಪ್ಪಿತು. ಆ ರಾಜಿಯ ಪ್ರಕಾರ ಅದು ಅಲ್ಲಿ ಅಪ್ಪ ಅಮ್ಮಂದಿರ ಒಪ್ಪಿಗೆಯಿಲ್ಲದೆ 16ರ ಒಳಗಿನವರಿಗೆ ಇಂಥ ಚೀಟಿ ಮಾರುವಂತಿಲ್ಲ. ನಮ್ಮ ಕಾಯ್ದೆ ಹಿಡಿಯುವುದು ಹಣವೊಡ್ಡಿ ಹಣವನ್ನೋ ಅಂಥ ಲಾಭವನ್ನೋ ಬಯಸುವ ಆಟವನ್ನು. ಗೆದ್ದ ಪಾತ್ರವನ್ನು ನಗದು ಮಾಡಿಕೊಳ್ಳಲಾಗದು, ಹಾಗಾಗಿ ಇದು ಹಣದಾಟವೇ ಅಲ್ಲ ಎಂದು ವಾದಿಸಲು ಕಂಪನಿಗಳಿಗೆ ಬೇಕಾದಷ್ಟು ಜಾಗ ಉಳಿದಿದೆ. ಏನೂ ವಾಪಸ್ ಬಾರದ ಜೂಜಿಗೆ ಹೆಚ್ಚು ರಿಯಾಯಿತಿ!

ಚೀಟಿ ಎತ್ತುವ ಮೊದಲೇ ಆ 0.6 ಮತ್ತು ತೊಂಬತ್ತು ಚೀಟಿಯ ಒಟ್ಟು ರೂಪಾಯಿ ಲೆಕ್ಕ, ಎರಡೂ ಪರದೆಯ ಮೇಲೆ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಕಾಣಲಿ. ಇಷ್ಟು ನಿಯಮ ಮಾಡುವುದು ಕಷ್ಟವೇನಲ್ಲ. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಾಗ ಮುಖ್ಯಮಂತ್ರಿಯಾಗಿದ್ದವರು ಎಚ್.ಡಿ. ಕುಮಾರಸ್ವಾಮಿ. ಅವರು 2024ರಲ್ಲಿ ಗೆದ್ದು ದಿಲ್ಲಿಗೆ ಹೋದದ್ದು ಮಂಡ್ಯದಿಂದ, ಕೇಂದ್ರ ಸಚಿವರಾದದ್ದೂ ಇದೇ ಮತದ ಬಲದಲ್ಲಿ. ಮದ್ದೂರಿನ ಹುಡುಗನನ್ನು ಬಿಟ್ಟು, ಪ್ರಶ್ನೆಯನ್ನು ಅವರ ಮುಂದಿಡಬಹುದು.