ಯಾರೂ ಇಲ್ಲದ ಜಾಗ ಎಲ್ಲಿದೆ ಸ್ವಾಮಿ?

ಮಳೆ ನಿಂತು ಚಳಿ ಶುರುವಾದರೆ ಸಾಕು, ಬೆಂಗಳೂರಿನಿಂದ ಫೋನು ಬರತೊಡಗುತ್ತದೆ. ಗೆಳೆಯರು, ಗೆಳೆಯರ ಸಹೋದ್ಯೋಗಿಗಳು, ಯಾವುದೋ ಮದುವೆಮನೆಯಲ್ಲಿ ನಂಬರು ಪಡೆದವರು. ಕೇಳುವುದು ಮಾತ್ರ ಒಂದೇ. "ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲ್ಲಾದ್ರೂ ಮೂರ್ನಾಲ್ಕು ಎಕರೆ ಇದ್ರೆ ಹೇಳಿ ಸಾರ್. ಹಳ್ಳ ಹರೀತಿರಬೇಕು, ಕಾಡಿಗೆ ತಾಗಿರಬೇಕು, ಸುತ್ತಮುತ್ತ ಯಾರೂ ಇರಬಾರದು." ಟೆಂಟ್ ಹಾಕಬೇಕಂತೆ, ಸೋಲಾರ್ ದೀಪ ಹಚ್ಚಬೇಕಂತೆ, ಕರೆಂಟಿನ ಹಂಗಿಲ್ಲದೆ ಬದುಕಬೇಕಂತೆ. ಇದಕ್ಕೆ 'ಆಫ್ ಗ್ರಿಡ್' ಎಂದು ಹೆಸರು.

ಹಳ್ಳವೂ ಇದೆ, ಕಾಡೂ ಇದೆ. ನನ್ನ ತಕರಾರಿರುವುದು ಮೂರನೆಯ ಷರತ್ತಿನ ಬಗ್ಗೆ. ಯಾರೂ ಇಲ್ಲದ ಜಾಗ ನಮ್ಮಲ್ಲಿ ತಾನಾಗಿ ಆದದ್ದಲ್ಲ, ಮಾಡಿದ್ದು.

ಶರಾವತಿಗೆ ಮೊದಲು ಹಿರೇಭಾಸ್ಕರದಲ್ಲಿ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ ಬಂತು. ಆಮೇಲೆ ಚಕ್ರಾ, ಸಾವೇಹಕ್ಲು, ವಾರಾಹಿ. ಗದ್ದೆ, ತೋಟ, ದೇವಸ್ಥಾನಗಳ ಜತೆಗೆ ಊರಿಗೆ ಊರೇ ನೀರಿಗಿಳಿದವು. ಜನರನ್ನು ಲಾರಿಯಲ್ಲಿ ತುಂಬಿ ಗುರುತಿಲ್ಲದ ಕಾಡಿನಂಚಿಗೆ ಬಿಟ್ಟರು. ಎಷ್ಟೋ ಕುಟುಂಬಗಳಿಗೆ ಹಾಗೆ ಕೊಟ್ಟ ಜಾಗ ಸರ್ಕಾರದ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಅರವತ್ತು ವರ್ಷ ಕಳೆದರೂ, ಮೂರನೆಯ ತಲೆಮಾರು ಬಂದರೂ ಅವರು ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಲ್ಲುವುದು ತಪ್ಪಿಲ್ಲ. ಹಿನ್ನೀರಿನಾಚೆ ಉಳಿದ ತುಮರಿ ಭಾಗದವರು ಲಾಂಚಿಗೆ ಕಾದು ಕಾದು, ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯನ್ನು ಕಂಡದ್ದು 2025ರ ಜುಲೈಯಲ್ಲಿ.

ಆ ನೀರಿನಿಂದ 1035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ನಡೆಯಿತು, ನಾಡಿನ ಪೇಟೆಗಳು ಬೆಳಗಿದವು. ಮುಳುಗಡೆಯವರು ಮಾತ್ರ ಹೊಸ ಜಾಗದಲ್ಲಿ ವರ್ಷಗಟ್ಟಲೆ ಚಿಮಣಿ ಬುಡ್ಡಿ ಹಚ್ಚಿಕೊಂಡು ಕೂತರು. ಗ್ರಿಡ್ಡಿಗೆ ಊರನ್ನೇ ಕೊಟ್ಟವರು ಗ್ರಿಡ್ಡಿನ ಹೊರಗೇ ಉಳಿದರು. ಈಗ ಅದೇ ಗ್ರಿಡ್ಡಿನ ಬೆಳಕಿನಲ್ಲಿ ಓದಿ, ದುಡಿದು, ದಣಿದವರು ಅದರಿಂದ ಬಿಡುಗಡೆ ಬೇಕೆಂದು ಇದೇ ದಂಡೆಯಲ್ಲಿ ಜಾಗ ಹುಡುಕುತ್ತಿದ್ದಾರೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಈ ಮಣ್ಣಿಗೆ ಇನ್ನೊಂದು ನೆನಪೂ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತರು. ಗಣಪತಿಯಪ್ಪನವರು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜತೆಗೂಡಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ ಹೊರಟ ದಾರಿ 1974ರ ಭೂಸುಧಾರಣೆಗೆ ಬಂದು ಮುಟ್ಟಿತು. ಉಳುವವನೇ ಹೊಲದೊಡೆಯನಾದ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ 79ಎ, 79ಬಿ ಕಲಮುಗಳು ಕಾವಲು ನಿಂತವು. ಕಾವಲಿನಲ್ಲಿ ಕಳ್ಳಗಿಂಡಿಗಳಿದ್ದವು, ಲಂಚಕ್ಕೆ ದಾರಿಯಾಗಿತ್ತು, ನಿಜ. ಆದರೆ 2020ರಲ್ಲಿ ಸರ್ಕಾರ ಕಿಂಡಿ ಮುಚ್ಚಲಿಲ್ಲ, ಬಾಗಿಲನ್ನೇ ಕಿತ್ತು ಹಾಕಿತು. 'ಉಳುವವನ' ಜಾಗಕ್ಕೆ 'ಉಳ್ಳವನು' ಬಂದ ಎಂದು ರೈತಸಂಘದವರು ಆಗ ಕೂಗಿದ್ದು ಬರೀ ಪ್ರಾಸಕ್ಕಾಗಿ ಅಲ್ಲ.

ಇನ್ನು ಕೊಳ್ಳುವವರು ನಿಜವಾಗಿ ಕೊಳ್ಳುವುದೇನನ್ನು? ಪಹಣಿಯಲ್ಲಿರುವುದು ಎರಡು ಎಕರೆ. ದಲ್ಲಾಳಿ ಬೆರಳು ಮಾಡಿ ತೋರಿಸುವುದು ಇಡೀ ಗುಡ್ಡ. ಆ ಗುಡ್ಡ ಸೊಪ್ಪಿನ ಬೆಟ್ಟ ಅಥವಾ ಕಾನು. ಭೂಕಂದಾಯ ಕಾಯ್ದೆಯ 79(2)ನೇ ಕಲಮು ಅಲ್ಲಿ ಉಳಿಸಿರುವುದು ಹಿಂದಿನಿಂದ ಬಂದ ಸವಲತ್ತನ್ನು: ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಮನೆಗೆ ಸೌದೆ. ಒಡೆತನವನ್ನಲ್ಲ. ತೋಟ ಮಾಡದವನಿಗೆ ಸೊಪ್ಪು ಯಾಕೆ? ಅವನಿಗೆ ಬೇಕಿರುವುದು 'ವ್ಯೂ'. ಬೆಟ್ಟದ ನೆತ್ತಿಗೆ ಜೆಸಿಬಿ ಹತ್ತುತ್ತದೆ, ಟೆಂಟಿಗೆ ಸಮತಟ್ಟು ಮಾಡುತ್ತದೆ. ಮುಂದಿನ ಆಷಾಢದಲ್ಲಿ ಆ ಮಣ್ಣು ಕೆಳಗಿನವರ ಗದ್ದೆಗೆ ಬರುತ್ತದೆ.

ನಮ್ಮ ಪಕ್ಕದ ಊರಿನಲ್ಲಿ ಹೀಗೇ ಒಂದು ಮಾರಾಟವಾಯಿತು. ಮಾರಿದವರನ್ನು ನಾನು ಬೈಯಲಾರೆ. ತೋಟಕ್ಕೆ ಎಲೆಚುಕ್ಕಿ ರೋಗ, ಕೊನೆ ತೆಗೆಯಲು ಆಳಿಲ್ಲ, ಮಗ ಬೆಂಗಳೂರಿನಲ್ಲಿ, ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ. ಮಾರದೆ ಏನು ಮಾಡಿಯಾರು? ಆದರೆ ಕೊಂಡವರು ಮೊದಲು ಮಾಡಿದ ಕೆಲಸ ದಣಪೆ ಕಿತ್ತು ಕಬ್ಬಿಣದ ಗೇಟು ಹಾಕಿ ಬೀಗ ಜಡಿದದ್ದು. ಶಾಲೆ ಮಕ್ಕಳು, ಹಾಲು ಡೈರಿಗೆ ಹೋಗುವವರು ತಲೆಮಾರುಗಳಿಂದ ಅದೇ ದಾರಿಯಲ್ಲಿ ಓಡಾಡುತ್ತಿದ್ದರು. ಅದು ಯಾವ ನಕ್ಷೆಯಲ್ಲೂ ಇರಲಿಲ್ಲ, ಮನಸ್ಸಿನಲ್ಲಿತ್ತು. ಎರಡನೆಯದು ಅಬ್ಬಿ ನೀರು. ಗುಡ್ಡದ ಒರತೆಯಿಂದ ಮೂರು ಮನೆಗೆ ಹಂಚಿಕೊಂಡು ಬರುತ್ತಿದ್ದ ನೀರಿಗೆ ಅಡ್ಡ ಕಟ್ಟಿ ಈಜುಕೊಳ ತುಂಬಿಸಿದರು. ಮೋಟಾರಿಲ್ಲದೆ, ಕರೆಂಟಿಲ್ಲದೆ ಮನೆಬಾಗಿಲಿಗೆ ಹರಿದು ಬರುತ್ತಿದ್ದ ನೀರು ಅದು. 'ಆಫ್ ಗ್ರಿಡ್' ಎಂದರೆ ಅದೇ ಅಲ್ಲವೇ? ಅದನ್ನೇ ಕೆಡಿಸಿದರು.

ಟೆಂಟಿನ ಮಾತಿಗೆ ಬರೋಣ. ಇವರು ಬರುವ ಕಾಲ ಡಿಸೆಂಬರಿನಿಂದ ಮೇ. ಕಾಡಿನ ಉಣುಗು ಏಳುವ ಕಾಲವೂ ಅದೇ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾವು ಕಂಡಿದ್ದೇವೆ. ಮಂಗ ಸತ್ತಿದೆ ಎಂದರೆ ನಮ್ಮವರು ಆ ಕಡೆ ದರಗಿಗೂ ಹೋಗುವುದಿಲ್ಲ, ಹೋಗಲೇಬೇಕಾದರೆ ಡೆಪಾ ಎಣ್ಣೆ ಬಳಿದುಕೊಳ್ಳುತ್ತಾರೆ. ಅದೇ ದರಗಿನ ಮೇಲೆ ಚಾಪೆ ಹಾಸಿ ನಕ್ಷತ್ರ ನೋಡುವವರಿಗೆ ಇದನ್ನು ಯಾವ ದಲ್ಲಾಳಿ ಹೇಳುತ್ತಾನೆ? ಮಳೆಗಾಲದ ವಿಷಯವನ್ನೂ ಹೇಳುವುದಿಲ್ಲ. ಆಗುಂಬೆ, ಹುಲಿಕಲ್ಲಿನ ಸೀಮೆಯಲ್ಲಿ ಜೂನ್ ತಿಂಗಳಿಗೆ ಬಿಸಿಲು ಹೋದರೆ ಸೋಲಾರ್ ಹಲಗೆಯ ಮೇಲೆ ಪಾಚಿ ಕಟ್ಟುತ್ತದೆ. ಆಗ ಗೇಟಿಗೆ ಬೀಗ ಬೀಳುತ್ತದೆ, ಮಾಲೀಕರು ನವೆಂಬರಿಗೆ ಕಾಣುತ್ತಾರೆ.

ಈ ಕನಸಿಗೆ ಥೋರೋ ಹೆಸರು ಹೇಳುವವರಿದ್ದಾರೆ. 1845ರಲ್ಲಿ ವಾಲ್ಡನ್ ಕೊಳದ ದಂಡೆಗೆ ಹೋದ ಆತ ಒಂದಿಂಚು ಜಾಗವನ್ನೂ ಕೊಳ್ಳಲಿಲ್ಲ. ಅದು ಗೆಳೆಯ ಎಮರ್ಸನ್ನನ ಜಮೀನು. ಗುಡಿಸಲು ತಾನೇ ಕಟ್ಟಿದ, ಹುರುಳಿಕಾಯಿ ಬೆಳೆದ, ಎರಡು ವರ್ಷ ಇದ್ದು ಎದ್ದು ಹೋದ. ಕಾಂಕಾರ್ಡ್ ಊರು ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು, ಹೋಗಿ ಜನರ ಜತೆ ಮಾತಾಡಿ ಬರುತ್ತಿದ್ದ.

ಹೊರಗಿನವರು ಬರಬಾರದೆಂದು ನಾನು ಹೇಳುತ್ತಿಲ್ಲ. ಮಲೆನಾಡಿಗೆ ಘಟ್ಟ ಹತ್ತಿ ಬಂದವರು, ಬಯಲು ದಾಟಿ ಬಂದವರು ಎಷ್ಟೋ ಜನ. ಅವರು ಬಂದದ್ದು ಊರಿಗೆ. ನೀವೂ ಹಾಗೆ ಬನ್ನಿ. ಕೊಳ್ಳುವ ಮೊದಲು ಖಾಲಿ ಬಿದ್ದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಒಂದು ಮಳೆಗಾಲ ಕಳೆಯಿರಿ. ಗ್ರಾಮಸಭೆಗೆ ಬನ್ನಿ, ಶ್ರಮದಾನಕ್ಕೆ ಹಾರೆ ಹಿಡಿಯಿರಿ. ಆ ಮೇಲೂ ಕೊಳ್ಳುವ ಮನಸ್ಸಿದ್ದರೆ ಪಹಣಿಯಲ್ಲಿ ಇರುವಷ್ಟನ್ನೇ ಕೊಳ್ಳಿ, ದಾರಿಯನ್ನೂ ನೀರನ್ನೂ ಹಾಗೇ ಬಿಡಿ. ಸರ್ಕಾರವೂ ಅಷ್ಟೇ: ಯಾವ ಊರೂ ಗೊತ್ತಿಲ್ಲದವನಿಗೆ ಒಂದೇ ದಿನದಲ್ಲಿ ನೋಂದಣಿ ಮಾಡಿಕೊಡುವ ಮೊದಲು, ಮುಳುಗಡೆಯವನ ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಹುಡುಕಲಿ.

ಮೊನ್ನೆ ಮತ್ತೆ ಫೋನು ಬಂತು, ಅದೇ ಮೂರು ಷರತ್ತು. "ಜಾಗ ಇದೆ, ಪಕ್ಕದಲ್ಲೇ ಎರಡು ಮನೆಗಳಿವೆ. ಒಂದರಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದಾರೆ. ರಾತ್ರಿ ಹುಷಾರು ತಪ್ಪಿದ್ರೆ ನೀವು ಕಾರು ತೆಗೀಬೇಕಾಗುತ್ತೆ, ಆಗುತ್ತಾ?" ಎಂದು ಕೇಳಿದೆ. ಯೋಚನೆ ಮಾಡಿ ಹೇಳ್ತೀನಿ ಎಂದರು. ಇನ್ನೂ ಹೇಳಿಲ್ಲ.