ಹುಣಸೆ ಚಿಗುರು, ಒಣ ಎಟ್ಟಿ

ಕರಾವಳಿ ಬಿಟ್ಟು ಹೊರಗೆ ವ್ಯಾಪಾರ ಮಾಡಿಕೊಂಡಿರುವ ನಮ್ಮ ಬ್ಯಾರಿ ಕುಟುಂಬಗಳಲ್ಲಿ ಒಂದು ಮಾತು ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ: "ಇಲ್ಲಿ ಎಂತ ಉಂಟು?" ನನ್ನ ಉಪ್ಪ ರಾಯದುರ್ಗದಲ್ಲಿ ಕಿರಾಣಿ ಅಂಗಡಿ ಇಟ್ಟು ಮೂವತ್ತೆಂಟು ವರ್ಷ ಆಯಿತು. ಅಷ್ಟು ವರ್ಷವೂ ಅವರು ಹೇಳಿದ್ದು ಇದನ್ನೇ. ಬಂಡೆ ಉಂಟು, ಬಿಸಿಲು ಉಂಟು, ಮತ್ತೆ ಎಂತ ಉಂಟು? ಶಾಲೆಗೆ ರಜೆ ಸಿಕ್ಕಿದ ಮರುದಿನವೇ ನಮ್ಮನ್ನು ಮಂಗಳೂರಿಗೆ ಕಳಿಸಿಬಿಡುತ್ತಿದ್ದರು. ಹಸಿರು ನೋಡುವುದಿದ್ದರೆ ಊರಿನಲ್ಲಿ, ನೀರು ನೋಡುವುದಿದ್ದರೆ ಊರಿನಲ್ಲಿ, ಬಾಯಿಗೆ ರುಚಿಯಾಗಿ ತಿನ್ನುವುದಿದ್ದರೂ ಊರಿನಲ್ಲಿ. ಇಲ್ಲಿ ದುಡಿಯುವುದು ಮಾತ್ರ.

ಈ ಲೆಕ್ಕ ತಪ್ಪು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಸಾಹಿತಿಯಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಮಡಕಶಿರಾದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ತಿಂಗಳಿಗೆ ಒಂದೆರಡು ಸಲ ಬಸ್ ಬದಲಾಯಿಸಿಕೊಂಡು ರಾಯದುರ್ಗಕ್ಕೆ ಹೋಗುತ್ತೇನೆ.

ಮಳೆ ಕಡಿಮೆ ಎಂಬುದು ನಿಜ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಸುರಿಯುತ್ತದೆ, ಅನಂತಪುರದ ಕಡೆ ಸುಮಾರು 550. ಆದರೆ ಪರದೇಶವೇನೂ ಅಲ್ಲ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರಿನ ಜೊತೆ ಆಚೆ ಹೋಯಿತು. ಮಡಕಶಿರಾವನ್ನು 2022ರಲ್ಲಿ ಅನಂತಪುರದಿಂದ ತೆಗೆದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಬೋರ್ಡು ಬದಲಾಯಿತು, ಸಂತೆಯಲ್ಲಿ ಅಜ್ಜಿಯರ ಕನ್ನಡ ಬದಲಾಗಲಿಲ್ಲ.

ಎರಡು ವರ್ಷದ ಹಿಂದೆ ಉಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ದಿನಾ ನಲವತ್ತು ನಿಮಿಷ ನಡೆಯಬೇಕು ಅಂದರು ಡಾಕ್ಟರು. ಉಪ್ಪನ ನಡಿಗೆ ಅಂದರೆ ಗಲ್ಲಾಪೆಟ್ಟಿಗೆಯಿಂದ ಗೋಣಿಚೀಲದವರೆಗೆ. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಒತ್ತಾಯ ಮಾಡಿ ಕೋಟೆ ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದೆ. ಇಷ್ಟು ವರ್ಷ ಅಂಗಡಿಯ ಬಾಗಿಲಿನಿಂದ ಕಾಣುವ ಬೆಟ್ಟ ಅದು. ಒಂದು ದಿನವೂ ಹತ್ತಿದವರಲ್ಲ.

ಹೊಂಗೆ ಆಗಷ್ಟೇ ಎಲೆ ಬಿಟ್ಟಿತ್ತು. ಆ ಎಳೆ ಹಸಿರು ನಮ್ಮ ಊರಿನ ಗದ್ದೆಯಲ್ಲೂ ನಾನು ನೋಡಿಲ್ಲ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಕೆಳಗೆ ಉದುರಿದ ಹೂವು ಪುರಿ ಚೆಲ್ಲಿದ ಹಾಗೆ. ಬೇವಿನ ಹೂವಿನ ವಾಸನೆ ಗಾಳಿ ಬಂದಾಗ ಮಾತ್ರ ಬರುತ್ತದೆ, ನಿಂತು ಕಾಯಬೇಕು. ಉಪ್ಪ ನಿಂತರು. ಸ್ವಲ್ಪ ಮುಂದೆ ಒಂದು ದೊಡ್ಡ ಹುಣಸೆಮರದಲ್ಲಿ ಇಬ್ಬರು ಗಂಡಸರು ಹತ್ತಿ ಕೊಂಬೆ ಅಲುಗಿಸುತ್ತಿದ್ದರು. ಕೆಳಗೆ ಹೆಂಗಸರು ಹಣ್ಣು ಆಯ್ದು ಚೀಲಕ್ಕೆ ತುಂಬುತ್ತಿದ್ದರು. ಹಿಂದೂಪುರದ ಮಂಡಿಯಲ್ಲಿ ಹುಣಸೆ ಏನು ಬೆಲೆಗೆ ಹೋಯಿತು ಅಂತ ನಿದ್ದೆಯಲ್ಲಿ ಕೇಳಿದರೂ ಉಪ್ಪ ಹೇಳುತ್ತಾರೆ. ಮರದಿಂದ ಹಣ್ಣು ಇಳಿಸುವುದನ್ನು ನೋಡಿದ್ದು ಅವತ್ತೇ ಮೊದಲು. ಅಲ್ಲೇ ಬಂಡೆಯ ಮೇಲೆ ಕುಳಿತು ಮುಕ್ಕಾಲು ಗಂಟೆ ನೋಡಿದರು. ಚೀಲ ಹೊಲಿಯುತ್ತಿದ್ದ ಒಬ್ಬರು ಗುರುತು ಹಿಡಿದು, "ಏನ್ ಸಾವ್ಕಾರ್ರೆ, ಇಲ್ಲೀತನಕ ಬಂದೀರಿ ಇವತ್ತು?" ಅಂದರು. ಉಪ್ಪನಿಗೆ ಉತ್ತರ ಗೊತ್ತಾಗಲಿಲ್ಲ, ನಕ್ಕರು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಉಮ್ಮ ಚಾಯ ಸೋಸುತ್ತಾ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ನನ್ನನ್ನು ಯಾಕೆ ಕರೆಯಲಿಲ್ಲ?"

ಹೌದು, ಯಾಕೆ ಕರೆಯಲಿಲ್ಲ? ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಮನೆಗಳಲ್ಲಿ ಗಂಡಸರಿಗಾದರೂ ಅಂಗಡಿ, ಮಸೀದಿ, ಮಂಡಿ ಅಂತ ಊರು ಕಾಣುತ್ತದೆ. ಪರವೂರಿನಲ್ಲಿರುವ ನಮ್ಮ ಹೆಂಗಸರಿಗೆ ಆ ಊರು ಅಂದರೆ ಕಿಟಕಿಯಿಂದ ಕಾಣುವಷ್ಟು. ಮದುವೆಗೆ, ಮೌತಿಗೆ, ಆಸ್ಪತ್ರೆಗೆ ಹೊರಗೆ ಹೋಗುತ್ತಾರೆ. ಸುಮ್ಮನೆ ಹೂವು ನೋಡಲಿಕ್ಕೆ ಯಾರು ಕರೆದುಕೊಂಡು ಹೋಗುತ್ತಾರೆ? ಆಮೇಲೆ ನಾವೇ "ಅವಳಿಗೆ ಇಲ್ಲಿ ಹಿಡಿಸುವುದಿಲ್ಲ, ಊರು ಊರು ಅಂತಾಳೆ" ಎಂದು ದೂರುತ್ತೇವೆ.

ಮುಂದಿನ ವಾರ ಉಮ್ಮನೂ ಬಂದರು. ಬುರ್ಖಾದಲ್ಲಿ ಬೆಟ್ಟ ಹತ್ತಲಿಕ್ಕೆ ಆಗುತ್ತದಾ ಅಂತ ನನಗೆ ಅನುಮಾನ ಇತ್ತು. ಮಂಡಿನೋವಿನ ಉಪ್ಪನಿಗಿಂತ ಮುಂದೆ ಅವರೇ ಇದ್ದರು. ಪಕ್ಕದ ಮನೆಯ ಅಜ್ಜಿ ಹುಣಸೆ ಚಿಗುರು ಕೊಯ್ಯುವುದನ್ನು ಉಮ್ಮನಿಗೆ ಅಲ್ಲೇ ಕಲಿಸಿದರು. ಕೆಂಪು ತಿರುಗಿರುವ ತುದಿ ಮಾತ್ರ, ಕಡು ಹಸಿರಾದರೆ ನಾರು. ಮನೆಗೆ ತಂದು ಅಂಗೈಯಲ್ಲಿ ಉಜ್ಜಿದರೆ ಕಡ್ಡಿ ಬೇರೆ, ಎಲೆ ಬೇರೆ. ಈ ಕಡೆಯವರು ಅದನ್ನು ಬೇಳೆಗೆ ಹಾಕುತ್ತಾರೆ, ಮಾಂಸಕ್ಕೂ ಹಾಕುತ್ತಾರೆ.

ಉಮ್ಮ ಮಾಡಿದ್ದು ಬೇರೆ. ಮಂಗಳೂರಿನಿಂದ ತಂದ ಒಣ ಎಟ್ಟಿ ಡಬ್ಬಿಯಲ್ಲಿ ಇತ್ತು. ತಲೆ ಬಾಲ ಮುರಿದು, ಕಾವಲಿಯಲ್ಲಿ ಹುರಿದು ತೊಳೆದಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಬಾಡಿಸಿ, ತೆಂಗಿನಕಾಯಿ, ಕೊತ್ತಂಬರಿ, ಒಣಮೆಣಸು ಅರೆದ ಮಸಾಲೆ ಹಾಕಿ, ಎಟ್ಟಿ ಬೆಂದ ಮೇಲೆ ಕೊನೆಗೆ ಎರಡು ಹಿಡಿ ಚಿಗುರು. ಹುಳಿ ಬೇರೆ ಹಾಕಲಿಲ್ಲ. ಐದು ನಿಮಿಷ ಮುಚ್ಚಿಟ್ಟು ಇಳಿಸಿದರು. ಅಕ್ಕಿ ಪತ್ತಿರಿನ ಜೊತೆ ತಿಂದೆವು. ಹುಣಸೆಹಣ್ಣಿನ ಹುಳಿ ನಾಲಿಗೆಗೆ ಹೊಡೆಯುತ್ತದೆ, ಚಿಗುರಿನ ಹುಳಿ ಹಾಗಲ್ಲ, ನುಂಗಿದ ಮೇಲೆ ನಿಧಾನ ತಿಳಿಯುತ್ತದೆ. ಉಪ್ಪ ನಾಲ್ಕನೇ ಪತ್ತಿರ್ ಕೇಳಿದರು, ಉಮ್ಮ ಸಕ್ಕರೆ ಕಾಯಿಲೆ ನೆನಪಿಸಿದರು. ಪಕ್ಕದ ಅಜ್ಜಿಗೆ ಮಾತ್ರ ಕೊಡಲಿಕ್ಕಾಗಲಿಲ್ಲ, ಅವರು ಮೀನು ಮುಟ್ಟುವುದಿಲ್ಲ. ಅವರಿಗೆ ಪತ್ತಿರ್ ಮಾತ್ರ ಹೋಯಿತು.

ಕೊಡುವುದು ಪಡೆಯುವುದು ಹೀಗೇ ನಡೆಯುತ್ತದೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ನಮಗೆ ಅದು ರಮಝಾನಿನ ಕೊನೆಯ ಉಪವಾಸ. ಅಜ್ಜಿ ಬೆಳಿಗ್ಗೆಯೇ ಬೇವು-ಬೆಲ್ಲ, ಹೋಳಿಗೆ ಕಳಿಸಿದರು, ಆಮೇಲೆ ನೆನಪಾಗಿ ಓಡಿ ಬಂದು "ಅಯ್ಯೋ, ನಿಮ್ಮದು ಉಪಾಸ ಅಲ್ಲೇನವ್ವ" ಅಂದರು. ಉಮ್ಮ ತಟ್ಟೆ ಮುಚ್ಚಿಟ್ಟು ಸಂಜೆ ಖರ್ಜೂರದ ಪಕ್ಕ ಇಟ್ಟರು. ದಿನವಿಡೀ ಒಣಗಿದ ಬಾಯಿಗೆ ಬೇವಿನ ಹೂವಿನ ಕಹಿ ಎಷ್ಟು ತಂಪು ಅಂತ ನನಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಚಂದ್ರ ಕಂಡ ಸುದ್ದಿ ಬಂತು.

ಮಡಕಶಿರಾ ಕಡೆ ಇನ್ನೂ ಇವೆ. ಅಮರಾಪುರಂ ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಬೆಳಗಿನ ಬಿಸಿಲು ಬೀಳುವಾಗ ಅಲ್ಲಿನ ಕಪ್ಪು ಕಲ್ಲಿನ ಕಂಬಗಳನ್ನು ನೋಡಿದರೆ ಲೇತ್ ಮಷಿನ್ ಗೊತ್ತಿರುವ ನನ್ನಂಥವನಿಗೆ ಕೈ ಮುಟ್ಟದೆ ಇರಲಿಕ್ಕಾಗುವುದಿಲ್ಲ. ಲೇಪಾಕ್ಷಿಯ ಆಚೆ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವುಗಳನ್ನು ಕಾಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ತೊಂದರೆಗಳನ್ನೂ ಹೇಳಬೇಕು. ಎಂಟೂವರೆ ದಾಟಿದರೆ ಬಂಡೆ ಕಾದು ನಿಲ್ಲಲಿಕ್ಕಾಗುವುದಿಲ್ಲ. ಈ ಬೆಟ್ಟಗಳಲ್ಲಿ ಕರಡಿ ಇವೆ, ಚೆನ್ನಾಗಿ ಬೆಳಕಾಗದೆ ಹತ್ತಬಾರದು, ಒಬ್ಬರೇ ಹೋಗಲೇಬಾರದು. ದಾರಿಯಲ್ಲಿ ಬಾಟಲಿ ಚೂರು, ಚಿಪ್ಸ್ ಕವರು ಧಾರಾಳ. ಕೆಲವರು ನನ್ನ ಹತ್ತಿರ ಹೇಳಿದರು, "ನೀನು ಊರನ್ನು ಮರೆಸಲಿಕ್ಕೆ ಹೊರಟಿದ್ದೀಯಾ" ಅಂತ. ಊರು ಮರೆತರೆ ಒಣ ಎಟ್ಟಿ ಎಲ್ಲಿಂದ ತರುವುದು ಮಾರಾಯ್ರೆ? ನಾನು ಹೇಳುವುದು ಇಷ್ಟೇ. ಏಪ್ರಿಲ್ ರಜೆಯಲ್ಲಿ ಎರಡು ತಿಂಗಳೂ ಊರಿಗೆ ಅಟ್ಟುವ ಬದಲು ಮೊದಲ ಎರಡು ವಾರ ಮಕ್ಕಳು ಹುಟ್ಟಿದ ಊರಿನಲ್ಲಿರಲಿ. ಅವರಿಗೆ ಹೊಂಗೆ ಯಾವುದು, ಬೇವು ಯಾವುದು ಅಂತ ಗೊತ್ತಾಗಲಿ. ಹೋಗುವಾಗ ಮನೆಯ ಹೆಂಗಸರೂ ಜೊತೆಗಿರಲಿ, ಬುತ್ತಿ ಕಟ್ಟಿಕೊಡಲಿಕ್ಕೆ ಮಾತ್ರ ಅಲ್ಲ.

ಅಂಗಡಿ ಮಾರಿ ಊರಿಗೆ ಹೋಗುವ ಮಾತು ನಮ್ಮ ಮನೆಯಲ್ಲಿ ನಾಲ್ಕೈದು ವರ್ಷದಿಂದ ನಡೆಯುತ್ತಿದೆ. ಉಪ್ಪನಿಗೆ ಎಪ್ಪತ್ತು ಹತ್ತಿರ ಬಂತು, ಅವರನ್ನು ತಡೆಯುವ ಹಕ್ಕು ನನಗಿಲ್ಲ. ಈ ವರ್ಷ ಫೆಬ್ರವರಿಯಲ್ಲಿ ಬ್ರೋಕರ್ ಒಬ್ಬರು ಗಿರಾಕಿಯನ್ನು ಕರೆದುಕೊಂಡೇ ಬಂದಿದ್ದರು. ಉಪ್ಪ ಅವರಿಗೆ ಚಾಯ ಕೊಟ್ಟು, ಚಿಗುರು ಮುಗಿಯಲಿ, ಆಮೇಲೆ ನೋಡುವ ಅಂತ ಹೇಳಿ ಕಳಿಸಿದರಂತೆ.