ಪ್ರವೇಶಪರೀಕ್ಷೆಯೂ ಗುರುತಿನ ಚೀಟಿಯೂ

ದುಷ್ಯಂತನ ಉಂಗುರ ಕಳೆದುಹೋದುದರಿಂದ ಶಕುಂತಲೆ ಪಟ್ಟ ಪಾಡು ಓದುಗರಿಗೆ ತಿಳಿದದ್ದೇ. ಎದುರಿಗೆ ನಿಂತವಳನ್ನು ಬಿಟ್ಟು ಕೈಯಲ್ಲಿಲ್ಲದ ಗುರುತನ್ನು ಕೇಳಿದ ಆ ಸನ್ನಿವೇಶ ಇಂದು ಪ್ರವೇಶಪರೀಕ್ಷೆಗಳ ಬಾಗಿಲಿನಲ್ಲಿ ಪ್ರತಿವರ್ಷವೂ ಮರುಕಳಿಸುತ್ತಿದೆ.

ವೈದ್ಯಕೀಯ ಶಿಕ್ಷಣಕ್ಕಾಗಿ ದೇಶದಾದ್ಯಂತ ನಡೆಯುವ ನೀಟ್ ಪರೀಕ್ಷೆಯನ್ನು 2024ರಲ್ಲಿ 23 ಲಕ್ಷಕ್ಕೂ ಮಿಕ್ಕ ಅಭ್ಯರ್ಥಿಗಳು ಬರೆದರು. ಆ ವರ್ಷ ಪರೀಕ್ಷೆಯ ಆರಂಭ ಮಧ್ಯಾಹ್ನ 2 ಗಂಟೆಗೆ. ಬಾಗಿಲು ಮುಚ್ಚಿದ್ದು ಒಂದೂವರೆಗೆ. ಪ್ರವೇಶಪತ್ರ, ಭಾವಚಿತ್ರಗಳ ಜೊತೆಗೆ ಭಾವಚಿತ್ರವಿರುವ ಗುರುತಿನ ಚೀಟಿಯ ಮೂಲಪ್ರತಿಯೂ ಕೈಯಲ್ಲಿರಬೇಕು. ನಕಲುಪ್ರತಿಗೆ ಬೆಲೆಯಿಲ್ಲ, ಮೊಬೈಲಿನಲ್ಲಿ ತೋರಿಸುವ ಚಿತ್ರಕ್ಕಂತೂ ಇಲ್ಲವೇ ಇಲ್ಲ.

ಈ ಕಟ್ಟುನಿಟ್ಟನ್ನು ಅಧಿಕಾರಿಗಳ ದರ್ಪವೆಂದು ತಳ್ಳಿಹಾಕುವುದು ಸರಿಯಲ್ಲ. 2013ರಲ್ಲಿ ಮಧ್ಯಪ್ರದೇಶದಲ್ಲಿ ಬಯಲಾದ ವ್ಯಾಪಂ ಹಗರಣದಲ್ಲಿ ಒಬ್ಬನ ಹೆಸರಿನಲ್ಲಿ ಮತ್ತೊಬ್ಬನು ಕುಳಿತು ಬರೆದ ಪ್ರಕರಣಗಳೂ ಇದ್ದವು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕಾಯಿತು. ಹಣ ತೆತ್ತು ಬಾಡಿಗೆಯ ಬುದ್ಧಿಯನ್ನು ಕೊಂಡವನು ಕಸಿದುಕೊಳ್ಳುವುದು ಹಗಲಿರುಳು ಓದಿದ ಬಡವರ ಮಗುವಿನ ಸ್ಥಾನವನ್ನೇ. ಆದುದರಿಂದ ಗುರುತನ್ನು ಕೇಳುವುದು ನ್ಯಾಯ.

ಆದರೆ ಆ ಗುರುತು ಹುಟ್ಟುವುದೆಲ್ಲಿ? ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಕನ್ನಡದ ಹೆಸರು ಅಲ್ಲಿಂದ ರೋಮನ್ ಲಿಪಿಗೆ ದಾಟುವಾಗಲೇ ಎಡವುತ್ತದೆ. ಆ ಲಿಪಿಗೆ ಳಕಾರ ಣಕಾರಗಳ ಗೊಡವೆಯಿಲ್ಲ. ಹ್ರಸ್ವದೀರ್ಘಗಳ ಲಕ್ಷ್ಯವೂ ಇಲ್ಲ. ವೀರೇಶನ ಹೆಸರಿನ ಮೊದಲ ದೀರ್ಘಕ್ಕೆ ಅಂಕಪಟ್ಟಿಯಲ್ಲಿ ಎರಡು 'ಇ', ಆಧಾರ್ ಚೀಟಿಯಲ್ಲಿ ಒಂದೇ 'ಐ'. ಬಸವರಾಜನ ಕೊನೆಯ ಅಕಾರ ಒಂದೆಡೆ ಉಳಿದರೆ ಮತ್ತೊಂದೆಡೆ ಲೋಪವಾಗುತ್ತದೆ. (ಇಂಥ ಲೋಪಸಂಧಿಯನ್ನು ಯಾವ ವ್ಯಾಕರಣವೂ ಹೇಳಿಲ್ಲ.) ಉತ್ತರ ಕರ್ನಾಟಕದಲ್ಲಿ ತಂದೆಯ ಹೆಸರೂ ಮನೆತನದ ಹೆಸರೂ ಸೇರುವ ಕ್ರಮವಿದ್ದರೆ, ಮೈಸೂರಿನ ಕಡೆ ಮೊದಲಕ್ಷರಗಳಲ್ಲೇ ಕೆಲಸ ಮುಗಿಯುತ್ತದೆ. ಇವೆಲ್ಲವನ್ನೂ ಒಂದೇ ಅಚ್ಚಿನ ಅರ್ಜಿಯಲ್ಲಿ ತುಂಬುವವನು ಪೇಟೆಯ ಸೈಬರ್ ಅಂಗಡಿಯವನು! ತಪ್ಪು ಯಾರದಾದರೂ ಆಗಲಿ, ಬಾಗಿಲಿನಲ್ಲಿ ಬೆವರುವವನು ವಿದ್ಯಾರ್ಥಿಯೇ.

ಆಧಾರ್ ಒಂದೇ ಕಡ್ಡಾಯವಲ್ಲ, ಬೇರೆ ಚೀಟಿಗಳೂ ಸಲ್ಲಬೇಕೆಂದು 2018ರ ನೀಟ್ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ವಿವೇಕದ ಮಾತು. ಅದನ್ನು ಇನ್ನೊಂದು ಹೆಜ್ಜೆ ಮುಂದುವರಿಸಬಹುದು. ರಾತ್ರಿಯ ಬಸ್ಸಿನಲ್ಲಿ ಬಂದ ಹುಡುಗಿಯೊಬ್ಬಳು ಮೂಲಚೀಟಿಯನ್ನು ಊರಿನಲ್ಲೇ ಮರೆತಿದ್ದರೆ, ಭಾವಚಿತ್ರವನ್ನೂ ಹೆಬ್ಬೆಟ್ಟಿನ ಗುರುತನ್ನೂ ಮುಚ್ಚಳಿಕೆಯನ್ನೂ ಪಡೆದು ಬರೆಯಗೊಡಲಿ. ಉತ್ತರಪತ್ರಿಕೆಯನ್ನು ಬೇರೆಯಾಗಿ ಮೊಹರು ಮಾಡಿಡಲಿ. ವಾರದೊಳಗೆ ಮೂಲಚೀಟಿ ಬಾರದಿದ್ದರೆ ಅದನ್ನು ತಿರಸ್ಕರಿಸಲಿ. ಲಕ್ಷಾಂತರ ಜನರ ನಡುವೆ ಇದು ಅಸಾಧ್ಯವೆಂಬ ಆಕ್ಷೇಪ ಬಂದೀತು. ಹೀಗೆ ಮರೆತು ಬರುವವರು ಲಕ್ಷಾಂತರವಲ್ಲ, ಕೇಂದ್ರಕ್ಕೆ ಒಬ್ಬರೋ ಇಬ್ಬರೋ. ಶಕುಂತಲೆಯ ಉಂಗುರ ಬೆಸ್ತನ ಕೈಗೆ ಸಿಕ್ಕಿ ಮುಂದೆ ದೊರೆಯನ್ನು ಮುಟ್ಟಿತು. ಈ ಹುಡುಗಿಯ ಚೀಟಿ ಸಂಜೆಗೆ ದೊರೆತರೂ ಆಕೆ ಕಾಯಬೇಕಾದುದು ಇಡೀ ಒಂದು ವರ್ಷ.

ಮೇಲಿನವರು ಕಿವಿಗೊಡುವವರೆಗೆ ಶಾಲೆಗಳು ಸುಮ್ಮನಿರಬೇಕಾಗಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವುದಕ್ಕೆ ಮೊದಲೇ ತಂದೆತಾಯಿಗಳನ್ನು ಕರೆಸಿ, ದಾಖಲಾತಿ ಪುಸ್ತಕವನ್ನೂ ಆಧಾರ್ ಚೀಟಿಯನ್ನೂ ಪಕ್ಕಪಕ್ಕದಲ್ಲಿರಿಸಿ, ಒಂದೊಂದು ಹೆಸರನ್ನೂ ಅಕ್ಷರ ಅಕ್ಷರವಾಗಿ ಓದಿ ತಾಳೆನೋಡಬಹುದು. ಜೂನ್ ತಿಂಗಳ ಎರಡು ಮಧ್ಯಾಹ್ನಗಳು ಇದಕ್ಕೆ ಸಾಕು.